ಬಾಗಿಲ ಆಚೆಯ ಇಂಗ್ಲಿಷ್

ರಂಜನಿಗೆ ಆ ಕೆಲಸ ಸಿಕ್ಕಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ಅವಳ ಗಂಡ ಅಮರೇಶ್ವರನೇ. ದಾವಣಗೆರೆಯಲ್ಲಿ ಇಂಗ್ಲಿಷ್ ಎಂ.ಎ. ಮಾಡಿ ಕೆಲಕಾಲ ಕಾಲೇಜಿನಲ್ಲಿ ಪಾಠ ಹೇಳಿದ್ದವಳು, ಮದುವೆಯಾಗಿ ನ್ಯೂಜೆರ್ಸಿಗೆ ಬಂದ ಮೇಲೆ ಕೆಲಸಕ್ಕೆ ಸೇರಲು ಬಿಡದ ಡಿಪೆಂಡೆಂಟ್ ವೀಸಾದಲ್ಲಿ ವರ್ಷಗಟ್ಟಲೆ ಮನೆಯಲ್ಲೇ ಉಳಿದಿದ್ದಳು. ಗ್ರೀನ್ ಕಾರ್ಡ್ ಬರುವ ಹೊತ್ತಿಗೆ ಮಗಳು ರಕ್ಷಾ ಹೈಸ್ಕೂಲಿನಲ್ಲಿದ್ದಳು. ಈಗ ಅವಳೂ ಬಾಸ್ಟನ್ನಿನ ಕಾಲೇಜು ಸೇರಿ, ಸಮರ್‌ಸೆಟ್‌ನ ಟೌನ್‌ಹೌಸಿನಲ್ಲಿ ಗಂಡ ಹೆಂಡತಿ ಇಬ್ಬರೇ.

ಅಂಥ ಹೊತ್ತಿನಲ್ಲಿ ಒಂದು ಭಾಷಾ ಪರೀಕ್ಷಾ ಸಂಸ್ಥೆ ಅವಳನ್ನು ಪರೀಕ್ಷಕಿಯಾಗಿ ತೆಗೆದುಕೊಂಡಿತು. ವಿಯೆಟ್ನಾಂನಲ್ಲಿ ಓದಿನಲ್ಲಿ ತೀರಾ ಮುಂದಿರುವ ಮಕ್ಕಳಿಗೆಂದೇ ಪ್ರೌಢಶಾಲೆಗಳಿವೆ. ಅಲ್ಲಿಯ ಮಕ್ಕಳು ವ್ಯಾಕರಣದಲ್ಲಿ ಪೂರ್ತಿ ಅಂಕ ತೆಗೆಯುತ್ತಾರೆ. ಬಾಯಿ ಬಿಟ್ಟರೆ ಎಷ್ಟು ಇಂಗ್ಲಿಷ್ ಬರುತ್ತದೆ ಎಂಬುದೇ ಪ್ರಶ್ನೆ. ಒಬ್ಬೊಬ್ಬರನ್ನೇ ವಿಡಿಯೊ ಕಾಲ್‌ನಲ್ಲಿ ಮಾತನಾಡಿಸಿ ಅಂಕ ಹಾಕುವುದು ರಂಜನಿಯ ಕೆಲಸ. ಎರಡು ಸುತ್ತಿನಲ್ಲೂ ಚೆನ್ನಾಗಿ ಮಾತನಾಡಿದವರಿಗೆ ಬೇಸಿಗೆಯಲ್ಲಿ ನ್ಯೂಜೆರ್ಸಿಯ ಒಂದು ಕಾಲೇಜಿನಲ್ಲಿ ಶಿಬಿರ.

ಇಲ್ಲಿ ಬೆಳಗಾಗುವ ಹೊತ್ತಿಗೆ ಅಲ್ಲಿ ಸಂಜೆ ಶಾಲೆ ಬಿಟ್ಟಿರುತ್ತದೆ. ಅದು ಗಂಡ ಹೆಂಡತಿ ಒಟ್ಟಿಗೆ ಚಹಾ ಕುಡಿಯುತ್ತಿದ್ದ ಹೊತ್ತು. ಈಗ ರಂಜನಿ ತಲೆ ಬಾಚಿ, ಒಳ್ಳೆಯ ಕುರ್ತಾ ಹಾಕಿ, ರಕ್ಷಾಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅಮರೇಶ್ವರ ಅಡುಗೆಮನೆಯ ಕಟ್ಟೆಗೆ ಒರಗಿ ಒಬ್ಬನೇ ಚಹಾ ಕುಡಿಯುತ್ತಿದ್ದ. ಬಾಗಿಲು ತೆಳುವಾದದ್ದು, ಅವಳ ದನಿ ಕೇಳುತ್ತಿತ್ತು.

"ಟೇಕ್ ಯುವರ್ ಟೈಮ್. ಐ ಆಮ್ ಲಿಸನಿಂಗ್."

ಆಮೇಲೆ ಮೌನ. ಆಚೆ ಯಾರೋ ಹುಡುಗ ಒಂದು ಪದಕ್ಕಾಗಿ ತಡಕಾಡುತ್ತಿದ್ದಾನೆ. ರಂಜನಿ ಕಾಯುತ್ತಿದ್ದಾಳೆ. ಮತ್ತೂ ಕಾಯುತ್ತಿದ್ದಾಳೆ.

ಒಂದು ದಿನ ಅವನು ಕೇಳಿದ, "ಅಲ್ಲ, ಆ ಹುಡುಗ ಅಷ್ಟು ಒದ್ದಾಡಾಕ ಹತ್ತಿದ್ದ. ಒಂದ್ ಶಬ್ದ ಹೇಳಿದ್ರ ಏನ್ ಆಕ್ಕಿತ್ತು?"

"ಹೇಳೋ ಹಾಗಿಲ್ಲ ರೀ. ಅದು ಮೊದಲನೇ ರೂಲ್. ಎಷ್ಟೇ ಕಷ್ಟಪಟ್ರೂ ನಾವು ಬಾಯಿಗೆ ಮಾತು ಹಾಕಬಾರದು. ಅವರದ್ದೇ ಬರಬೇಕು."

ಅಮರೇಶ್ವರ ಎದ್ದು ಲೋಟ ತೊಳೆದಿಟ್ಟ. ಆದರೆ ಆ ಮಾತು ಅವನೊಳಗೆ ಮುಳ್ಳಿನಂತೆ ಉಳಿಯಿತು.

ಅವನು ಲಿಂಗಸುಗೂರಿನವನು, ಕನ್ನಡ ಮಾಧ್ಯಮದಲ್ಲಿ ಓದಿದವನು. ಬ್ರಿಡ್ಜ್‌ವಾಟರ್‌ನ ಔಷಧ ಕಂಪನಿಯಲ್ಲಿ ಡೇಟಾ ನೋಡಿಕೊಳ್ಳುವ ಕೆಲಸದಲ್ಲಿ ಅವನಿಗೆ ಒಳ್ಳೆಯ ಹೆಸರಿತ್ತು. ಆದರೆ ಮೀಟಿಂಗಿನಲ್ಲಿ ಮಾತನಾಡುವ ಮುನ್ನ ಇವತ್ತಿಗೂ ವಾಕ್ಯವನ್ನು ಮನಸ್ಸಿನಲ್ಲೇ ಒಮ್ಮೆ ಜೋಡಿಸಿಕೊಳ್ಳುತ್ತಿದ್ದ. ಬಂದ ಹೊಸತರ ಚಳಿಗಾಲದಲ್ಲಿ ಮನೆಯ ಹೀಟರ್ ಕೆಟ್ಟಾಗ, ರಿಪೇರಿಯವನ ಜೊತೆ ಫೋನಿನಲ್ಲಿ ಅವನು ತಡವರಿಸುವುದನ್ನು ಕಂಡು ರಂಜನಿ ನಗುತ್ತಲೇ ಫೋನ್ ಇಸಿದುಕೊಂಡಿದ್ದಳು. ಅಂದಿನಿಂದ ಫೋನುಗಳೆಲ್ಲ ಅವಳ ಪಾಲಿಗೆ ಬಂದವು. ಬರಬರುತ್ತಾ ಅವನ ಮಾತುಗಳೂ. ಅವನು ಒಂದು ವಾಕ್ಯ ಶುರು ಮಾಡಿದರೆ ಅವಳು ಮುಗಿಸುತ್ತಿದ್ದಳು, ಕೊನೆಕೊನೆಗೆ ಅವನು ಕನ್ನಡದಲ್ಲಿ ಆಡಿದ್ದನ್ನೂ. ಪ್ರೀತಿಯಿಂದಲೇ ಮಾಡುತ್ತಿದ್ದಳು, ಅದು ಅವನಿಗೂ ಗೊತ್ತಿತ್ತು. ಹಾಗಾಗಿ ದೂರಲು ಏನೂ ಇರಲಿಲ್ಲ.

ಆ ಮಕ್ಕಳಲ್ಲಿ ದಿಯೆಪ್ ಎಂಬ ಹುಡುಗಿಯ ಬಗ್ಗೆ ರಂಜನಿ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದಳು. ಗಣಿತದಲ್ಲಿ ಇಡೀ ಪ್ರಾಂತ್ಯಕ್ಕೇ ಮೊದಲು ಬಂದವಳು. ಮೊದಲ ಸುತ್ತಿನಲ್ಲಿ 'ಮರೆಯಲಾಗದ ಪ್ರವಾಸ' ಎಂಬ ವಿಷಯ ಕೊಟ್ಟಾಗ, ಉರುಹೊಡೆದ ಉತ್ತರವನ್ನು ಗಿಳಿಯಂತೆ ಒಪ್ಪಿಸಿದಳಂತೆ. ನೀಲಿ ಸಮುದ್ರ, ಭವ್ಯ ಬಂಡೆಗಳು, ಸ್ವರ್ಗಸದೃಶ ನೋಟ.

"ಎಲ್ಲಾ ಮಕ್ಕಳೂ ಅದನ್ನೇ ಹೇಳ್ತಾರೆ," ಎಂದಳು ರಂಜನಿ. "ನಾನು ತಡೆದು, ಬಸ್ಸಲ್ಲಿ ನಿನ್ ಪಕ್ಕ ಯಾರು ಕೂತಿದ್ರು ಅಂತ ಕೇಳ್ದೆ. ಸುಮ್ನಾಗಿಬಿಟ್ಳು. ಎಷ್ಟೊತ್ತು ಅಂತೀರಾ! ಆಮೇಲೆ ಒಂದೊಂದೇ ಪದ. 'ಅಣ್ಣ. ಅವನು ವಾಂತಿ. ನನ್ನ ಹೊಸ ಬಟ್ಟೆ. ನಾನು ತುಂಬಾ ಸಿಟ್ಟು. ಈಗ ಅಣ್ಣ ಜಪಾನ್, ಫ್ಯಾಕ್ಟರಿ. ಈಗ ಅವನು ವಾಂತಿ ಮಾಡಲಿ, ಪರವಾಗಿಲ್ಲ, ಪಕ್ಕದಲ್ಲಿ ಕೂತರೆ ಸಾಕು.' ನಂಗೆ ಕಣ್ಣಲ್ಲಿ ನೀರೇ ಬಂತು. ವ್ಯಾಕರಣ ಎಲ್ಲಾ ತಪ್ಪು. ಆದ್ರೆ ಅದು ಮಾತು ರೀ!"

ಅವಳ ಮುಖ ಹೊಳೆಯುತ್ತಿತ್ತು. ಆ ಹೊಳಪು ತನ್ನ ಮಾತಿಗೆ ಬಂದು ಎಷ್ಟು ಕಾಲವಾಯಿತೆಂದು ಅಮರೇಶ್ವರ ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟ.

"ನಾವೂ ಒಮ್ಮೆ ರಾಯಚೂರಿಗೆ ಹೊಂಟಿದ್ವಿ," ಎಂದು ಶುರು ಮಾಡಿದ. "ಅಪ್ಪ ನಾನು ಇಬ್ರ. ಬಸ್ಸು..."

"ಹೂಂ, ಕೆಟ್ಟೋಯ್ತು, ಬಿಸಿಲಲ್ಲಿ ನಡ್ಕೊಂಡು ಹೋದ್ರಿ. ಗೊತ್ತಲ್ಲ," ಎಂದು ಅವಳು ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. "ಪಲ್ಯ ಬೇಕಾ?"

ಅವನು ಹೇಳಬೇಕೆಂದಿದ್ದು ಬಸ್ಸು ಕೆಟ್ಟದ್ದನ್ನಲ್ಲ. ನಡೆಯುವಾಗ ಅಪ್ಪ ತನ್ನ ಟವೆಲನ್ನು ಅವನ ತಲೆಗೆ ಸುತ್ತಿ, ತಾನು ಬರಿದಲೆಯಲ್ಲಿ ನಡೆದದ್ದು ಯಾಕೋ ಆವತ್ತು ನೆನಪಾಗಿತ್ತು. ಪಲ್ಯ ಬೇಡವೆಂದ.

ಮರುದಿನದಿಂದ ಅವನು ಚಹಾದ ಲೋಟ ಹಿಡಿದು ಬಾಗಿಲ ಬಳಿಗೇ ಹೋಗಿ ನಿಲ್ಲತೊಡಗಿದ. ಅವಳು ಆಚೆಯವರಿಗೆ ಪ್ರಶ್ನೆ ಕೇಳಿದರೆ ಇವನು ಇಲ್ಲಿ ಮನಸ್ಸಿನಲ್ಲೇ ಉತ್ತರ ಕೊಡುತ್ತಿದ್ದ. ನಿನಗೆ ಕೋಪ ಬಂದದ್ದು ಯಾವಾಗ? ನಿನ್ನ ಊರಿನಲ್ಲಿ ಏನು ಬದಲಾಗಬೇಕು? ಅವಳು 'ಓಹ್, ಇಂಟರೆಸ್ಟಿಂಗ್' ಎಂದರೆ ಅವನ ಹೊಟ್ಟೆಯಲ್ಲಿ ಬೆಂಕಿ ಏಳುತ್ತಿತ್ತು. ಹದಿನಾರು ವರ್ಷದ ಮಕ್ಕಳ ಮೇಲೆ ಹೊಟ್ಟೆಕಿಚ್ಚುಪಡುವ ತಾನು ಎಂಥ ಮನುಷ್ಯ ಎಂದು ನಾಚಿಕೆಯಾಗುತ್ತಿತ್ತು. ನಾಚಿಕೆಯಾದರೆ ಕಿಚ್ಚು ಕಡಿಮೆಯಾಗಬೇಕಲ್ಲವೇ? ಆಗಲಿಲ್ಲ.

ಒಂದು ಶನಿವಾರ ಬ್ರಿಡ್ಜ್‌ವಾಟರ್ ದೇವಸ್ಥಾನದ ಕ್ಯಾಂಟೀನಿನಲ್ಲಿ ನ್ಯೂಯಾರ್ಕ್ ಕಡೆಯ ಜೆರಿಕೋದಿಂದ ಬಂದಿದ್ದ ಗೆಳೆಯ ದಿವಾಕರ, ಅವನ ಹೆಂಡತಿ ಉಷಾ ಸಿಕ್ಕರು. ಪುಳಿಯೋಗರೆ ತಿನ್ನುತ್ತಾ ರಂಜನಿ ದಿಯೆಪ್‌ಳ ಕತೆ ಹೇಳಿದಳು. ಉಷಾ ಕಣ್ಣೊರೆಸಿಕೊಂಡಳು. ದಿವಾಕರ ಅಮರೇಶ್ವರನ ಕಡೆ ತಿರುಗಿ, "ನಿಮ್ಮದೇನ್ ಸಮಾಚಾರ? ಕಂಪನಿಯಲ್ಲಿ ಲೇಆಫ್ ಅಂತೆ?" ಎಂದ.

"ಹೌದ್ರಿ, ನಮ್ಮ ಟೀಮಿನ್ಯಾಗ..."

"ಇವರ ಟೀಮಿಗೇನೂ ಆಗಿಲ್ಲ, ದೇವರ ದಯ," ಎಂದಳು ರಂಜನಿ.

ಅವನ ಟೀಮಿನಲ್ಲಿ ಇಬ್ಬರನ್ನು ತೆಗೆದಿದ್ದರು. ಅದನ್ನು ಅವಳಿಗೆ ಹೇಳಬೇಕೆಂದು ವಾರದಿಂದ ಎರಡು ಸಲ ಬಾಯಿ ತೆರೆದಿದ್ದ.

ಎರಡನೇ ಸುತ್ತಿನಲ್ಲಿ ದಿಯೆಪ್‌ಳ ಸರದಿ ಬಂದ ದಿನ ರಂಜನಿ ಬೇಗ ಎದ್ದು ಸ್ನಾನ ಮುಗಿಸಿದ್ದಳು. ಮದುವೆಮನೆಗೆ ಹೊರಟವಳ ಹಾಗೆ ಕಿವಿಗೆ ಮುತ್ತಿನ ಓಲೆ ಹಾಕಿಕೊಂಡಿದ್ದಳು. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ನಗು ಕೇಳಿತು, ಇಬ್ಬರದೂ. ಆಮೇಲೆ, "ಟೇಕ್ ಯುವರ್ ಟೈಮ್."

ಅಮರೇಶ್ವರ ತನ್ನ ಕೆಲಸದ ಕೋಣೆಗೆ ಹೋದ. ಮೇಜಿನ ಪಕ್ಕದ ಗೋಡೆಯಲ್ಲಿ ಇಂಟರ್ನೆಟ್ಟಿನ ಪೆಟ್ಟಿಗೆ ಹಸಿರು ದೀಪ ಮಿಟುಕಿಸುತ್ತಿತ್ತು. ಅವನು ಯೋಚಿಸಲಿಲ್ಲ. ಬಗ್ಗಿ ಪ್ಲಗ್ ಕಿತ್ತ.

ಆಚೆ ಕೋಣೆಯಲ್ಲಿ "ಹಲೋ? ದಿಯೆಪ್? ಹಲೋ?" ಎಂಬ ಕೂಗು. ಕುರ್ಚಿ ಸರಿದ ಸದ್ದು. ರಂಜನಿ ಓಡಿ ಬಂದಳು. "ರೀ, ನೆಟ್ ಹೋಯ್ತು! ಮಗು ಮಾತಿನ ಮಧ್ಯ ಇತ್ತು!"

ಅಷ್ಟರಲ್ಲಿ ಅವನು ಪ್ಲಗ್ ಹಾಕಿ ಪೆಟ್ಟಿಗೆಯ ಮುಂದೆ ಕೂತಿದ್ದ. "ತಡಿ, ನೋಡ್ತೀನಿ. ಗಾಬರಿ ಆಗಬ್ಯಾಡ."

ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುವವರೆಗೆ ಅವಳು ಅವನ ಹೆಗಲು ಹಿಡಿದು ನಿಂತಿದ್ದಳು. ನೆಟ್ ಬಂತು, ಆದರೆ ಪರೀಕ್ಷೆ ರದ್ದಾಗಿತ್ತು. ನಡುವೆ ಕಡಿದ ಪರೀಕ್ಷೆಯನ್ನು ಮುಂದುವರಿಸಲು ಆ ಸಾಫ್ಟ್‌ವೇರು ಬಿಡುತ್ತಿರಲಿಲ್ಲ. ರಂಜನಿ ಅಲ್ಲೇ ನೆಲದ ಮೇಲೆ ಕೂತಳು. "ನೀವಾದ್ರೂ ಮನೇಲಿದ್ರಿ. ಇಲ್ದಿದ್ರೆ ನಂಗೆ ಇದನ್ನ ಸರಿ ಮಾಡೋಕೂ ಬರ್ತಿರಲಿಲ್ಲ," ಎಂದಳು.

ಮುಂದಿನ ಎರಡು ದಿನ ಅವಳು ಅವನನ್ನೇ ಕೇಳಿದಳು. ಯಾಕೆ ಹೀಗಾಗುತ್ತದೆ, ಹೊಸ ಪೆಟ್ಟಿಗೆ ತರೋಣವೇ, ಕೇಬಲ್ ಸಡಿಲವೇ. ಅವನು ವಿವರಿಸುವಾಗ ಕಣ್ಣು ಮಿಟುಕಿಸದೆ ಕೇಳಿಸಿಕೊಂಡಳು. ಬೆಳಗಿನ ಚಹಾಕ್ಕೆ ಜೊತೆಗೆ ಕೂತಳು. ಅವನಿಗೆ ಬೇಕಾದದ್ದು ಇದೇ ಆಗಿತ್ತು. ಕೈಗೆ ಸಿಕ್ಕಮೇಲೆ ಅವಳ ಮುಖ ನೋಡಲಾರದೆ ಲೋಟವನ್ನೇ ತಿರುಗಿಸುತ್ತಾ ಕೂತ.

ಮೂರನೆಯ ದಿನ ಸಂಸ್ಥೆಯಿಂದ ಮೇಲ್ ಬಂತು. ಪರೀಕ್ಷಕಿಯ ಕಡೆಯಿಂದ ಸಂಪರ್ಕ ಕಡಿದದ್ದಕ್ಕೆ ಕಾರಣ ತಿಳಿಸಬೇಕು. ಮರುಪರೀಕ್ಷೆಯ ಬಗ್ಗೆ ಆಮೇಲೆ ತೀರ್ಮಾನ. ರಂಜನಿ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದಳು. ಅಮರೇಶ್ವರ ಆಫೀಸಿನಿಂದ ಬಂದಾಗ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಬೂಟು ಬಿಚ್ಚುವ ಮುಂಚೆಯೇ ಕೇಳಿದಳು.

"ಆವತ್ತು ಈ ಏರಿಯಾದಲ್ಲಿ ಎಲ್ಲೂ ನೆಟ್ ಹೋಗಿಲ್ಲವಂತೆ. ನಮ್ಮನೆ ಪೆಟ್ಟಿಗೆಗೆ ಕರೆಂಟೇ ಹೋಗಿತ್ತಂತೆ. ಕರೆಂಟ್ ಇತ್ತಲ್ಲ ರೀ? ನೀವು ಆ ರೂಮಲ್ಲೇ ಇದ್ರಿ."

"ರಂಜನಿ, ನಾನು ಆವತ್ತು..."

"ಏನು, ಕಾಲು ತಗಲಿ ಪ್ಲಗ್ ಬಿದ್ದೋಯ್ತಾ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹಳೆಯ ಅಭ್ಯಾಸ, ಅಷ್ಟೇ. ಹೂಂ ಎಂದುಬಿಟ್ಟರೆ ಮುಗಿಯುತ್ತಿತ್ತು. ಅಮರೇಶ್ವರ ಬೂಟಿನ ದಾರ ಹಿಡಿದುಕೊಂಡೇ ನಿಂತ.

"ಇಲ್ಲ," ಎಂದ. "ಕಾಲು ತಗಲಿಲ್ಲ. ನಾನ ಕಿತ್ತೆ. ಬೇಕಂತನ ಕಿತ್ತೆ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಮುಖದ ಬಣ್ಣ ಬದಲಾಯಿತು. "ಯಾಕೆ?"

"ಆ ಹುಡುಗಿ ಒಂದ್ ಶಬ್ದ ಹುಡುಕಿದ್ರ ನೀ ಎಷ್ಟ್ ಹೊತ್ತರ ಕಾಯ್ತಿ. ನಾ ಬಾಯಿ ತೆರೆದ್ರ ನೀನ ಮುಗಿಸ್ತಿ. ನಮ್ಮ ಟೀಮಿನ್ಯಾಗ ಇಬ್ರನ್ನ ತೆಗದ್ರು. ನಿನಗ ಗೊತ್ತಿಲ್ಲ. ಹೇಳಾಕ ಬಂದ್ರ ನೀ ಕೇಳಿಲ್ಲ. ನನಗ ಹೊಟ್ಟಿಕಿಚ್ಚು ಆತು. ಆ ಕೂಸಿನ ಮ್ಯಾಲೆ."

"ಅದಕ್ಕೆ?" ಎಂದು ರಂಜನಿ ಎದ್ದು ನಿಂತಳು. "ಅದಕ್ಕೆ ಆ ಮಗು ಪರೀಕ್ಷೆ ಹಾಳು ಮಾಡೋದಾ? ನನ್ನ ಹತ್ರ ಜಗಳ ಆಡಬೇಕಿತ್ತು. ತಟ್ಟೆ ಎಸೀಬೇಕಿತ್ತು. ನೆಟ್ ಕಿತ್ತು, ಮತ್ತೆ ನೀವೇ ಹಾಕಿ, ನನ್ನ ಹತ್ರ ಥ್ಯಾಂಕ್ಸ್ ಹೇಳಿಸ್ಕೊಂಡ್ರಲ್ಲ! ಹೇಗೆ ಮನಸ್ಸು ಬಂತು ನಿಮಗೆ?"

ಅವನು ಬಗ್ಗಿ ಬೂಟು ಬಿಚ್ಚತೊಡಗಿದ.

ಅವಳು ಸಂಸ್ಥೆಗೆ ಇದ್ದದ್ದನ್ನೇ ಬರೆದಳು: ತನ್ನ ಮನೆಯವರೇ ಸಂಪರ್ಕ ತೆಗೆದಿದ್ದರು, ಹುಡುಗಿಯದೇನೂ ತಪ್ಪಿಲ್ಲ, ದಯವಿಟ್ಟು ಅವಳಿಗೆ ಇನ್ನೊಂದು ಅವಕಾಶ ಕೊಡಿ. ದಿಯೆಪ್‌ಗೆ ಬೇರೆ ಪರೀಕ್ಷಕರ ಬಳಿ ಮರುಪರೀಕ್ಷೆಯಾಯಿತು. ರಂಜನಿ ಇನ್ನು ಮನೆಯಿಂದ ಪರೀಕ್ಷೆ ಮಾಡುವಂತಿಲ್ಲ, ಸಂಸ್ಥೆಯ ಆಫೀಸಿಗೇ ಬರಬೇಕು ಎಂದು ಆದೇಶವಾಯಿತು. ಬೆಳಗಿನ ಜಾವ ಅವಳು ಕಾರು ತೆಗೆದು ಹೊರಟರೆ ಅಮರೇಶ್ವರನಿಗೆ ಬಾಗಿಲ ಆಚೆಯ ದನಿಯೂ ಇಲ್ಲವಾಯಿತು. ಎಷ್ಟೋ ದಿನ ಅವಳು ಅಡುಗೆ ಮಾಡಿಟ್ಟು, ಬೇಕಾದಷ್ಟೇ ಮಾತನಾಡಿದಳು. ಒಂದು ಭಾನುವಾರ ಬಟ್ಟೆ ಮಡಚುತ್ತಾ ತಾನಾಗಿಯೇ ಕೇಳಿದಳು: "ಟೀಮಲ್ಲಿ ಯಾರನ್ನ ತೆಗೆದ್ರು?" ಅವನು ಹೇಳಿದ. ನಿಧಾನವಾಗಿ ಹೇಳಿದ. ಅವಳು ನಡುವೆ ಒಮ್ಮೆ ಬಾಯಿ ಹಾಕಿದಳು, ಆಮೇಲೆ ತುಟಿ ಕಚ್ಚಿಕೊಂಡಳು.

ದಿಯೆಪ್ ಆಯ್ಕೆಯಾದಳು, ಪಟ್ಟಿಯ ಕೊನೆಯ ಹೆಸರಾಗಿ. ಜುಲೈ ತಿಂಗಳಲ್ಲಿ ಶಿಬಿರದ ಕಾಲೇಜಿನಲ್ಲಿ ಪರೀಕ್ಷಕರಿಗೂ ಮಕ್ಕಳಿಗೂ ಒಂದು ಮಧ್ಯಾಹ್ನದ ಊಟವಿತ್ತು. "ನಾನೂ ಬರ್ತೀನಿ," ಎಂದ ಅಮರೇಶ್ವರ. ರಂಜನಿ ಅವನನ್ನು ದಿಟ್ಟಿಸಿ, "ಬನ್ನಿ. ಆದ್ರೆ ನಾನೇನೂ ಹೇಳಲ್ಲ. ನೀವೇ ಹೇಳಬೇಕು," ಎಂದಳು.

ಹುಲ್ಲುಹಾಸಿನ ಮೇಲೆ ಕಂಡ ದಿಯೆಪ್ ಅವನು ಕಲ್ಪಿಸಿಕೊಂಡದ್ದಕ್ಕಿಂತ ಬಹಳ ಚಿಕ್ಕವಳು. ದಪ್ಪ ಕನ್ನಡಕ, ಮೈಗಿಂತ ದೊಡ್ಡದಾದ ಟೀ ಶರ್ಟು. ರಂಜನಿಯನ್ನು ನೋಡಿ ಓಡಿ ಬಂದು ತಬ್ಬಿಕೊಂಡಳು. ಅಮರೇಶ್ವರ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ವಾಕ್ಯವೆಲ್ಲ ಮರೆತುಹೋಯಿತು. ಸಿಕ್ಕ ಇಂಗ್ಲಿಷಿನಲ್ಲಿ ಹೇಳಿದ: ಆವತ್ತು ಇಂಟರ್ನೆಟ್ ಕೆಡಲಿಲ್ಲ, ನಾನು ತೆಗೆದೆ. ನನಗೆ ಹೊಟ್ಟೆಕಿಚ್ಚು. ನನ್ನ ಹೆಂಡತಿ ನಿನ್ನ ಮಾತನ್ನು ಅಷ್ಟು ಚೆನ್ನಾಗಿ ಕೇಳುತ್ತಾಳೆ ಎಂದು. ಕ್ಷಮಿಸು.

ಹುಡುಗಿ ರಂಜನಿಯ ಕಡೆ ನೋಡಿದಳು, ಮತ್ತೆ ಅವನ ಕಡೆ.

"ನಾನು ತುಂಬಾ ಅತ್ತೆ," ಎಂದಳು ಅವಳೂ ಇಂಗ್ಲಿಷಿನಲ್ಲಿ. "ನನ್ನ ಅಮ್ಮ ನಮ್ಮ ಮನೆಗೆ ನೆಟ್ ಕೊಡುವ ಬೀದಿಯ ಅಂಗಡಿಗೆ ಹೋಗಿ, ತಪ್ಪು ಅವರದೇ ಎಂದು ಆ ಅಂಕಲ್ ಜೊತೆ ದೊಡ್ಡ ಜಗಳ ಮಾಡಿದಳು. ಈಗಲೂ ಅವರಿಬ್ಬರೂ ಮಾತಾಡುವುದಿಲ್ಲ. ನೀವು ಆ ಅಂಕಲ್‌ಗೂ ಸಾರಿ ಹೇಳಬೇಕು."

"ಹೇಳ್ತೀನಿ," ಎಂದ ಅಮರೇಶ್ವರ. "ನಿಜವಾಗಿ. ಅವರ ಹೆಸರು ಹೇಳು."

ಅವಳು ಅವನ ಫೋನ್ ತೆಗೆದುಕೊಂಡು ಗಂಭೀರವಾಗಿ ಅಂಗಡಿಯವನ ಹೆಸರು, ನಂಬರು ಬರೆದುಕೊಟ್ಟಳು. ಕ್ಷಮಿಸಿದೆನೆಂದು ಹೇಳಲಿಲ್ಲ. ಆಮೇಲೆ ರಂಜನಿಯ ಕೈ ಹಿಡಿದು ತನ್ನ ಗೆಳತಿಯರನ್ನು ತೋರಿಸಲು ಕರೆದೊಯ್ದಳು. ಮರದ ಕೆಳಗೆ ಇಬ್ಬರೂ ತಲೆಗೆ ತಲೆ ಕೊಟ್ಟು ಏನೋ ಹೇಳಿಕೊಳ್ಳುತ್ತಿದ್ದರು, ರಂಜನಿ ತಲೆದೂಗುತ್ತಿದ್ದಳು. ಅಮರೇಶ್ವರನ ಹೊಟ್ಟೆಯೊಳಗೆ ಅದೇ ಹಳೆಯ ಬೆಂಕಿ ಸಣ್ಣಗೆ ಚುರುಗುಟ್ಟಿತು. ಅವನು ಬೆಂಚಿನ ಮೇಲೆ ಕೂತು ಫೋನ್ ತೆಗೆದ. ಆ ಅಂಗಡಿಯವನಿಗೆ ಇಂಗ್ಲಿಷ್ ಬರುತ್ತದೋ ಇಲ್ಲವೋ ಕೇಳಲು ಮರೆತಿದ್ದ. ಆದರೂ ಮೊದಲ ಸಾಲು ಬರೆಯತೊಡಗಿದ.