ಮುಖ್ತಾರನ ಮೀಟರುಗಳು

ತುಮಕೂರಿನ ಮಂಡಿಪೇಟೆಯ ಮುಖ್ತಾರ್ ಅಹಮದನ ಕಿವಿ ಒಂದೇ ಸಲಕ್ಕೆ ಹೋಗಲಿಲ್ಲ. ಮೊದಲು ಹೋದವು ಸಣ್ಣ ಸದ್ದುಗಳು. ಬೆಸುಗೆ ಹಾಕುವಾಗ ರಾಳ ಚುರ್ ಎನ್ನುವುದು, ಸ್ವಿಚ್ಚು ಟಿಕ್ ಎನ್ನುವುದು, ಒಳಗಿನ ಕೋಣೆಯಲ್ಲಿ ಹೆಂಡತಿಯ ಬಳೆ. ಆಮೇಲೆ ಮಾತುಗಳ ಕೊನೆಗಳು ಮಸುಕಾದವು. ಎಪ್ಪತ್ತಾರನೇ ಇಸವಿಯ ಹೊತ್ತಿಗೆ ಎದುರಿಗಿದ್ದವರ ತುಟಿ ನೋಡದೆ ಏನೂ ತಿಳಿಯುತ್ತಿರಲಿಲ್ಲ. ಅಂಗಡಿಗೆ ಸಾಮಾನು ತರುವ ನೆಪದಲ್ಲಿ ಬೆಂಗಳೂರಿಗೆ ಹೋಗಿ ಡಾಕ್ಟರಿಗೆ ತೋರಿಸಿದ. ನರ ಸತ್ತಿದೆ, ಮೆಷಿನ್ ಹಾಕಿದರೂ ಪ್ರಯೋಜನವಿಲ್ಲ ಎಂದು ಅವರು ಚೀಟಿಯ ಹಿಂದೆ ಬರೆದು ತೋರಿಸಿದರು.

ಮುಖ್ತಾರನ ಕಸುಬು ರೇಡಿಯೋ ರಿಪೇರಿ. ಕಿವುಡನ ಕೈಗೆ ಯಾರು ರೇಡಿಯೋ ಕೊಡುತ್ತಾರೆ? ಅವನು ಯಾರಿಗೂ ಹೇಳಲಿಲ್ಲ. ಹೆಂಡತಿ ಜಮಾಲುನ್ನೀಸಾಗೂ ಹೇಳಲಿಲ್ಲ. ಮಕ್ಕಳಿಲ್ಲದ ಮನೆ. ಅಂಗಡಿ ಮುಂದೆ, ವಾಸ ಹಿಂದೆ, ನಡುವೆ ಒಂದು ಪರದೆ. ಇಬ್ಬರೇ ಇದ್ದುದರಿಂದ ಮುಚ್ಚಿಡುವುದು ಕಷ್ಟವಾಗಬೇಕಿತ್ತು. ಆದರೆ ಅವನು ಮೊದಲಿನಿಂದಲೂ ಮಾತು ಕಡಿಮೆಯವನು. ಇನ್ನಷ್ಟು ಕಡಿಮೆಯಾದದ್ದು ಅವಳಿಗೆ ಸಿಟ್ಟಿನ ಹಾಗೆ ಕಂಡಿತೇ ಹೊರತು ಕಾಯಿಲೆಯ ಹಾಗೆ ಕಾಣಲಿಲ್ಲ.

ಕಸುಬನ್ನು ಉಳಿಸಿದ್ದು ಮೀಟರು. ವೋಲ್ಟು, ಕರೆಂಟು, ಓಮು ಮೂರನ್ನೂ ಅಳೆಯುವ, ಗಾಜಿನೊಳಗೆ ತೆಳ್ಳನೆಯ ಮುಳ್ಳಿರುವ ಡಬ್ಬಿ ಎಲ್ಲ ಮೆಕ್ಯಾನಿಕ್‌ಗಳ ಬಳಿಯೂ ಇರುತ್ತಿತ್ತು. ಒಂದು ಮಧ್ಯಾಹ್ನ ಮುಖ್ತಾರ್ ಅದರ ಎರಡು ಕಡ್ಡಿಗಳನ್ನು ಸ್ಪೀಕರಿನ ತಂತಿಗಳಿಗೆ ತಾಗಿಸಿ, ಸಣ್ಣ ರೇಂಜಿಗೆ ತಿರುಗಿಸಿದ. ಮುಳ್ಳು ಎದ್ದು ಕುಣಿಯಿತು. ನೋಡುತ್ತ ಕೂತರೆ ಅದಕ್ಕೂ ಒಂದು ರೀತಿಯಿತ್ತು. ವಾರ್ತೆ ಓದುವವರು ಉಸಿರೆಳೆದುಕೊಳ್ಳುವಾಗ ಮುಳ್ಳು ಸೊನ್ನೆಗೆ ಬೀಳುತ್ತಿತ್ತು. ಹಾಡು ಬಂದರೆ ಮೇಲೆಯೇ ತೇಲುತ್ತಿತ್ತು. ಗುಂಯ್‌ಗುಡುವ ಸೆಟ್ಟಾದರೆ ಎಷ್ಟು ಹೊತ್ತಾದರೂ ಕೆಳಗಿಳಿಯುತ್ತಿರಲಿಲ್ಲ. ಅವತ್ತು ಅವನು ಊಟಕ್ಕೂ ಏಳದೆ ನೋಡಿದ.

ಅವನ ಹಳೆಯ ಮೀಟರಿನ ಮುಳ್ಳು ಸ್ವಲ್ಪ ಜಡ. ಬೇಗ ಬೇಗ ಆಡಿದ ಮಾತನ್ನೆಲ್ಲ ಒಂದೇ ಉಬ್ಬಾಗಿ ತೋರಿಸುತ್ತಿತ್ತು. ಹಾಗಾಗಿ ಬೇರೆಯದನ್ನು ಹುಡುಕಿದ. ಹಿರೇಹಳ್ಳಿಯ ಕಾರ್ಖಾನೆಯವರು ಗುಜರಿಗೆ ಹಾಕಿದ ಒಂದನ್ನು ತಂದು ಕೂದಲಿಗಿಂತ ಸಣ್ಣ ಸ್ಪ್ರಿಂಗನ್ನು ಇಕ್ಕಳದಲ್ಲಿ ನೆಟ್ಟಗೆ ಮಾಡಿದ. ಅದು ಗಾಬರಿ ಬಿದ್ದ ಕೋಳಿಮರಿಯ ಹಾಗೆ ಪ್ರತಿ ಅಕ್ಷರಕ್ಕೂ ಹಾರುತ್ತಿತ್ತು. ಇನ್ನೊಂದು ಮೀಟರು ಹಾಡಿಗೆ ಚೆನ್ನಾಗಿತ್ತು. ಮತ್ತೊಂದರಲ್ಲಿ ಓದುವುದು ತಪ್ಪದ ಹಾಗೆ ಮುಳ್ಳಿನ ಕೆಳಗೆ ಕನ್ನಡಿಯ ಪಟ್ಟಿ ಇತ್ತು. ಬೇಕಾಗಿ ಕೊಂಡದ್ದು ಒಂದೆರಡು. ಆಮೇಲೆ ಬೇಡದಿದ್ದರೂ ಕೊಂಡ. ಅವನ ಜೊತೆ ಮಾತಾಡುತ್ತಿದ್ದವು ಅವೇ. ಎಪ್ಪತ್ತೊಂಬತ್ತರ ಹೊತ್ತಿಗೆ ಅಂಗಡಿಯ ಮೇಲಿನ ಹಲಗೆ ತುಂಬಿತ್ತು.

ಎಲ್ಲಕ್ಕಿಂತ ದೊಡ್ಡದು ಸಿಕ್ಕಿದ್ದು ಗುಬ್ಬಿಯಲ್ಲಿ. ಟೂರಿಂಗ್ ಟಾಕೀಸು ನಡೆಸಿ ಮುಚ್ಚಿದ್ದ ಸದಾಶಿವಯ್ಯನವರ ಮನೆಯ ಅಟ್ಟದಲ್ಲಿ ಇಂಗ್ಲೆಂಡಿನ ಕಪ್ಪು ಮೀಟರೊಂದು ಮರದ ಪೆಟ್ಟಿಗೆಯಲ್ಲಿ ಇದೆಯೆಂದು ಯಾರೋ ಹೇಳಿದ್ದರು. ಮುಖ್ತಾರ್ ಬಸ್ಸು ಹತ್ತಿ ಹೋದ.

"ಇದನ್ನ ಯಾಕಪ್ಪಾ ಹೊತ್ಕೊಂಡೋಗ್ತೀಯ? ಕಬ್ಬಿಣದ ಭಾರ. ಈಗ ಜೇಬಲ್ಲಿಡೋ ಅಂಥವು ಬಂದವೆ" ಎಂದರು ಸದಾಶಿವಯ್ಯ, ಪೆಟ್ಟಿಗೆಯನ್ನು ಎತ್ತಲಾರದೆ ಎತ್ತಿ ತೋರಿಸುತ್ತ.

"ಡಬ್ಬ ಭಾರ ಸ್ವಾಮಿ, ಒಳಗಿನ ಮುಳ್ಳು ಹಗುರ" ಎಂದ ಮುಖ್ತಾರ್, ಅವರ ಕೈ ನೋಡಿ ಊಹಿಸಿ.

ಅವರು ಖುಷಿಯಾಗಿ ಟಾಕೀಸಿನ ಕಾಲದ ಕತೆಗೆ ತೊಡಗಿದರು. ಅವರ ದಪ್ಪ ಮೀಸೆ ಮೇಲ್ದುಟಿಯನ್ನೆಲ್ಲ ಮುಚ್ಚಿತ್ತು. ಮುಖ್ತಾರನಿಗೆ ಒಂದು ಮಾತೂ ತಿಳಿಯಲಿಲ್ಲ. ಅವರು ನಕ್ಕಾಗ ನಕ್ಕ, ತಲೆಯಾಡಿಸಿದಾಗ ಆಡಿಸಿದ. ಯಾವ ಕತೆಗೆ ನಕ್ಕೆ ಎಂದು ಬಸ್ಸಿನಲ್ಲಿ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತಾಗ ಅವನಿಗೇ ನಾಚಿಕೆಯಾಯಿತು.

ಹಾಗೆಂದು ಮೀಟರು ಎಲ್ಲವನ್ನೂ ತೋರಿಸುತ್ತಿರಲಿಲ್ಲ. ಪಕ್ಕದ ಬೀದಿಯ ಹೋಟೆಲಿನ ಗುಂಡಯ್ಯ ರೇಡಿಯೋ ರಿಪೇರಿಗೆ ಕೊಟ್ಟಿದ್ದ. ಮುಳ್ಳು ಸೊಗಸಾಗಿ ಆಡಿತು, ಮುಖ್ತಾರ್ ಸೆಟ್ಟು ವಾಪಸು ಕೊಟ್ಟ. ಆದರೆ ಸ್ಪೀಕರಿನ ಕಾಗದ ಹರಿದಿತ್ತು, ಮುಳ್ಳಿಗೆ ಅದು ತಿಳಿಯುವುದಿಲ್ಲ. ಸಂಜೆಯೇ ಗುಂಡಯ್ಯ ತಂದು ಕುಕ್ಕಿದ.

"ಏನ್ಲಾ ಸಾಬಿ, ತಮಾಷೆ ಮಾಡ್ತೀಯಾ? ಹರ್ಕಲು ತಮಟೆ ಬಡ್ದಂಗೆ ಬಡ್ಕೊತದೆ!"

ಗುಂಡಯ್ಯ ರೇಡಿಯೋ ಕಡೆಗೆ ಬಗ್ಗಿ ಮಾತಾಡಿದ್ದರಿಂದ ತುಟಿ ಕಾಣಲಿಲ್ಲ. ಹೊಗಳುತ್ತಿದ್ದಾನೆಂದುಕೊಂಡು ಮುಖ್ತಾರ್ ನಗುತ್ತ, "ಇನ್ನು ಹತ್ತು ವರ್ಷ ಹಿಂಗೇ ಹಾಡುತ್ತೆ ಬಿಡಿ" ಎಂದ. ಗುಂಡಯ್ಯ ಬಾಯಿಬಿಟ್ಟು ಅವನನ್ನೇ ನೋಡಿ, ಸೆಟ್ಟು ಎತ್ತಿಕೊಂಡು ಹೊರಟುಹೋದ. ಮತ್ತೆ ಬರಲಿಲ್ಲ.

ಜಮಾಲುನ್ನೀಸಾ ಒಲೆಯ ಮುಂದೆ ಕೂತು, ಬೆನ್ನು ಹಾಕಿಕೊಂಡೇ ಮಾತಾಡುವವಳು. ಮದುವೆಯಾದಾಗಿನಿಂದ ಹಾಗೆಯೇ. ರೊಟ್ಟಿ ತಟ್ಟುತ್ತ ಬೀದಿಯ ಸುದ್ದಿ, ಬೇಸರ, ಆಸೆ ಎಲ್ಲವನ್ನೂ ಒಲೆಗೆ ಹೇಳಿದ ಹಾಗೆ ಹೇಳುತ್ತಿದ್ದಳು. ಮುಖ್ತಾರ್ ಅಂಗಡಿಯಿಂದ ಹ್ಞೂಂ ಎನ್ನುತ್ತಿದ್ದ. ಹ್ಞೂಂ ಬರುವುದು ನಿಂತ ಮೇಲೂ ಅವಳು ತುಂಬ ದಿನ ಮಾತಾಡಿದಳು. ಒಮ್ಮೊಮ್ಮೆ ಪರದೆ ಸರಿಸಿ ನೋಡಿದರೆ ಅವನು ಯಾವುದೋ ಮೀಟರಿನ ಗಾಜಿಗೆ ಮುಖವಿಟ್ಟುಕೊಂಡು ಕೂತಿರುತ್ತಿದ್ದ. ಪರದೆ ಬಿಟ್ಟು ಒಳಗೆ ಹೋಗುತ್ತಿದ್ದಳು.

ಆ ವರ್ಷ ಬೇಸಗೆಯಲ್ಲಿ ಕುಣಿಗಲ್ಲಿನಲ್ಲಿದ್ದ ಅವಳ ಅಕ್ಕ ಮಸ್ತಾನ್ ಬೀ ಹಾಸಿಗೆ ಹಿಡಿದಳು. ಜಮಾಲುನ್ನೀಸಾಗೆ ತಾಯಿಯಿಲ್ಲ, ಅಕ್ಕನೇ ಸಾಕಿದವಳು. ಸುದ್ದಿ ಬಂದ ಬೆಳಿಗ್ಗೆ ಪರದೆಯ ಒಳಗೆ ಬಟ್ಟೆ ಗಂಟು ಕಟ್ಟುತ್ತ, "ಅಕ್ಕ ಉಳಿಯೋ ಹಂಗೆ ಕಾಣಲ್ಲ. ನೀವೂ ಬನ್ನಿ. ಒಬ್ಳೇ ಹೋಗೋಕೆ ಭಯ ಆಗ್ತದೆ" ಎಂದಳು. ಅಂಗಡಿಯಲ್ಲಿ ಮುಖ್ತಾರ್ ಗುಬ್ಬಿಯ ಮೀಟರಿನ ಮುಚ್ಚಳ ಬಿಚ್ಚಿ ಕೂತಿದ್ದ. ಅವಳು ಮತ್ತೊಮ್ಮೆ ಕರೆದು, ಕಾದು, ಬುರ್ಖಾ ಹಾಕಿಕೊಂಡು ಅವನ ಎದುರಿಂದಲೇ ಅಂಗಡಿಯ ಮೆಟ್ಟಿಲು ಇಳಿದು ಹೋದಳು. ಕೈಯಲ್ಲಿದ್ದ ಗಂಟು ನೋಡಿ, ಅಕ್ಕನ ಮನೆಗೆ ಹೊರಟಿದ್ದಾಳೆ, ನಾಲ್ಕು ದಿನಕ್ಕೆ ಬರುತ್ತಾಳೆ ಎಂದುಕೊಂಡು ಅವನು ಕೈಯೆತ್ತಿದ.

ಆ ವಾರವೇ ಮಸ್ತಾನ್ ಬೀ ತೀರಿಕೊಂಡಳು. ಬಸ್ ಸ್ಟ್ಯಾಂಡಿನಲ್ಲಿ ಹಣ್ಣು ಮಾರುವ, ಅವರ ಕಡೆಯ ನೆಂಟ ದಸ್ತಗೀರ್ ಸಾಬ್ ಸುದ್ದಿ ತಂದವನು ಸೈಕಲ್ಲಿನಿಂದ ಇಳಿಯದೆ ಬೀದಿಯಿಂದಲೇ ಕೂಗಿ ಹೇಳಿ, ತಾನೂ ಕುಣಿಗಲ್ಲಿಗೆ ಹೊರಟುಹೋದ. ಮುಖ್ತಾರ್ ಅದಕ್ಕೂ ಕೈಯೆತ್ತಿ ನಕ್ಕಿದ್ದ.

ಜಮಾಲುನ್ನೀಸಾ ಮರಳಿ ಬರಲಿಲ್ಲ. ಅವನು ಅನ್ನಕ್ಕೆ ಉಪ್ಪು ಹಾಕಿಕೊಂಡು ತಿಂದ. ಎರಡು ವಾರ ಕಳೆದ ಮೇಲೆ ದಸ್ತಗೀರ್ ಸಾಬ್ ಅಂಗಡಿಗೆ ಬಂದು ಎದುರಿನ ಸ್ಟೂಲಿನಲ್ಲಿ ಕೂತ. ಅವನ ತುಟಿ ಸ್ಪಷ್ಟವಾಗಿ ಕಾಣುತ್ತಿತ್ತು.

"ನಿನ್ನಂಥ ಮನುಷ್ಯನ್ನ ನಾನು ನೋಡಿಲ್ಲ ಕಣೋ ಮುಖ್ತಾರ್. ಅವಳನ್ನ ಸಾಕ್ದೋಳು ಸತ್ರೆ ಮಣ್ಣಿಗೂ ಬರ್ಲಿಲ್ಲ. ನಾನೇ ಬಂದು ಹೇಳುದ್ರೆ ನಗ್ತೀಯ."

"ಯಾರು ಸತ್ರು?" ಎಂದ ಮುಖ್ತಾರ್.

ದಸ್ತಗೀರ್ ಸಾಬ್ ಎದ್ದು ನಿಂತ. ಮುಖ್ತಾರ್ ಅವನ ತೋಳು ಹಿಡಿದುಕೊಂಡು, "ಯಾರು ಸತ್ರು, ಇನ್ನೊಂದ್ಸಲ ಹೇಳು. ನನ್ ಕಡೆ ನೋಡ್ಕೊಂಡು ಹೇಳು" ಎಂದ. ಅವನ ದನಿ ಎಷ್ಟು ಎತ್ತರಕ್ಕೆ ಹೋಗಿತ್ತೆಂದರೆ ಎದುರಿನ ಅಂಗಡಿಯವರು ಹೊರಗೆ ಬಂದರು.

ಮುಂದಿನ ಬಸ್ಸಿಗೇ ಅವನು ಕುಣಿಗಲ್ಲಿಗೆ ಹೋದ. ಸಾವಿನ ಮನೆ. ನಡುಮನೆಯ ಚಾಪೆಯ ಮೇಲೆ ಅವನನ್ನು ಕೂರಿಸಿ ಎಲ್ಲರೂ ಹೊರಗೆ ಹೋದರು. ಜಮಾಲುನ್ನೀಸಾ ಬಾಗಿಲಿಗೆ ಒರಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಸೆರಗು ಅಲುಗುತ್ತಿತ್ತು. ಅವಳು ತುಂಬ ಹೊತ್ತು ಏನೋ ಹೇಳಿದಳು. ಕಣ್ಣು ಮಾತ್ರ ಕಾಣುತ್ತಿತ್ತು.

"ಜಮಾಲ್, ಬಾಯಿಂದ ಸೆರಗು ತೆಗಿ" ಎಂದ ಅವನು. "ನಂಗೆ ಕೇಳ್ಸಲ್ಲ. ಏನೂ ಕೇಳ್ಸಲ್ಲ. ಮೂರು ವರ್ಷ ಆಯ್ತು."

ಸೆರಗು ಇಳಿಯಿತು. "ಸುಳ್ಳು. ರೇಡಿಯೋ ರಿಪೇರಿ ಮಾಡೋರಿಗೆ ಕೇಳ್ಸಲ್ವಾ?"

ಮೀಟರುಗಳ ವಿಷಯವನ್ನು ಅವನು ಹೇಳಿದ. ಹೇಗೆ ಸ್ಪೀಕರಿಗೆ ಸಿಕ್ಕಿಸುತ್ತಾನೆ, ಮಾತಿಗೆ ಯಾವುದು, ಹಾಡಿಗೆ ಯಾವುದು, ಎಲ್ಲ. ಹೀಗೆ ಉದ್ದಕ್ಕೆ ಅವನು ಮಾತಾಡಿ ವರ್ಷಗಳಾಗಿದ್ದವು. ಜಮಾಲುನ್ನೀಸಾ ಬಾಗಿಲು ಬಿಟ್ಟು ಅವನ ಹಿಂದಕ್ಕೆ ಹೋದಳು. ಹೊಸ್ತಿಲಲ್ಲಿ ಇಣುಕಿ ನೋಡುತ್ತಿದ್ದ ಪಕ್ಕದ ಮನೆಯ ಹೆಂಗಸರು ಇದ್ದಕ್ಕಿದ್ದಂತೆ ಬೆಚ್ಚಿದ್ದನ್ನು ಮುಖ್ತಾರ್ ಕಂಡ. ಯಾಕೆಂದು ತಿಳಿಯದೆ ತಿರುಗಿ ನೋಡಿದ. ಅವನ ಬೆನ್ನ ಹಿಂದೆ ಒಂದು ಮಾರು ದೂರದಲ್ಲಿ ದೊಡ್ಡ ಹಂಡೆಯ ಮುಚ್ಚಳ ನೆಲದ ಮೇಲೆ ಇನ್ನೂ ಗಿರಗಿರನೆ ತಿರುಗುತ್ತಿತ್ತು.

ಜಮಾಲುನ್ನೀಸಾ ಅಲ್ಲೇ ಕುಸಿದು ಕೂತಳು. ಅತ್ತಳು. ಆಮೇಲೆ ಅವನ ಎದುರಿಗೆ ಸರಿದು, ನಿಧಾನವಾಗಿ ಹೇಳಿದಳು.

"ಆ ಡಬ್ಬಗಳ್ನ ನಾನು ಸವತಿ ಅನ್ಕೊಂಡಿದ್ದೆ."

"ನಿಂಗೆ ಹೇಳ್ಬೇಕಿತ್ತು."

"ಮೂರು ವರ್ಷ ನಾನು ಮಾತಾಡಿದ್ದು?"

ಅವನು ಇಲ್ಲವೆಂದು ತಲೆಯಾಡಿಸಿದ.

"ಎಷ್ಟೊಂದು ಹೇಳಿದೀನಿ ನಿಮ್ಗೆ. ಯಾರಿಗೂ ಹೇಳ್ದಿದ್ದು ಹೇಳಿದೀನಿ. ನೀವು ಕೇಳಿಸ್ಕೊಂಡೂ ಸುಮ್ನಿದೀರ ಅನ್ಕೊಂಡಿದ್ದೆ."

"ಈಗ ಹೇಳು. ಎಲ್ಲಾ ಇನ್ನೊಂದ್ಸಲ ಹೇಳು."

ಅವಳು ಅವನ ಮುಖವನ್ನೇ ನೋಡಿದಳು. "ಈಗ ಹೇಳಿದ್ರೆ ಅದೇ ಮಾತಾಗುತ್ತಾ?" ಎಂದಳು.

ಅಕ್ಕನ ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆ ಮುಗಿಸಿಕೊಂಡು ಜಮಾಲುನ್ನೀಸಾ ತುಮಕೂರಿಗೆ ಬಂದಳು. ಮುಖ್ತಾರ್ ಇನ್ನು ಮುಚ್ಚಿಡಲಿಲ್ಲ. ಒಂದಷ್ಟು ಗಿರಾಕಿಗಳು ತಪ್ಪಿದರು, ಒಂದಷ್ಟು ಜನ ಕನಿಕರಕ್ಕೆ ಬಂದರು. ರಿಪೇರಿಯಾದ ಸೆಟ್ಟನ್ನು ಅವಳು ಪರದೆಯ ಪಕ್ಕ ಕೂತು ಕೇಳುತ್ತಿದ್ದಳು. "ಗುಂಯ್ ಅಂತದೆ", "ಗಂಟಲು ಕಟ್ದಂಗಿದೆ" ಎಂದು ಅವನ ಕಡೆ ತಿರುಗಿ ಬಿಡಿಬಿಡಿಯಾಗಿ ಹೇಳುತ್ತಿದ್ದಳು. ಅವನು ಮುಳ್ಳು ನೋಡಿ ಎಲ್ಲಿ ಕೆಟ್ಟಿದೆಯೆಂದು ಹುಡುಕುತ್ತಿದ್ದ. ಕೆಲಸ ಮೊದಲಿಗಿಂತ ಚೆನ್ನಾಗಿಯೇ ಆಗುತ್ತಿತ್ತು. ಅವನೊಡನೆ ಮಾತಾಡುವಾಗ ಅವಳು ಬೇಕಾದಷ್ಟೇ ಆಡುತ್ತಿದ್ದಳು: ಊಟ, ಸೀಮೆಎಣ್ಣೆ, ಯಾರೋ ಬಂದಿದ್ದಾರೆ. ಆ ಮೂರು ವರ್ಷದ ಮಾತುಗಳಲ್ಲಿ ಕೆಲವನ್ನು ಮತ್ತೆ ಹೇಳಿದಳು, ಕೆಲವನ್ನು ಹೇಳಲಿಲ್ಲ. ಹೇಳು ಎಂದು ಅವನು ಎರಡನೇ ಸಲ ಒತ್ತಾಯಿಸಲೂ ಇಲ್ಲ.

ಮಳೆಗಾಲ ಕಳೆದ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಜಮಾಲುನ್ನೀಸಾ ಗೋಡೆಗೆ ಒರಗಿ, ಬೀದಿಯ ಕಡೆ ಮುಖ ಮಾಡಿ ಕೂತಿದ್ದಳು. ಅವಳ ಕೆನ್ನೆಯ ಒಂದು ಬದಿ ಮಾತ್ರ ಅವನಿಗೆ ಕಾಣುತ್ತಿತ್ತು. ದವಡೆ ಅಲುಗುತ್ತಿತ್ತು. ನಡುನಡುವೆ ಕೈ ಎದ್ದು ತೊಡೆಯ ಮೇಲೆ ಬೀಳುತ್ತಿತ್ತು. ಅಕ್ಕನ ಜೊತೆಯೋ, ತನ್ನ ಜೊತೆಯೋ ತುಂಬ ಹೊತ್ತು ಮಾತಾಡಿದಳು. ಈ ಕಡೆ ತಿರುಗು ಎಂದು ಮುಖ್ತಾರ್ ಹೇಳಬಹುದಿತ್ತು. ಹೇಳಲಿಲ್ಲ. ಸ್ಕ್ರೂಡ್ರೈವರನ್ನು ಸದ್ದಾಗದ ಹಾಗೆ ಬಟ್ಟೆಯ ಮೇಲಿಟ್ಟು, ಅವಳ ಮಾತು ಮುಗಿಯುವವರೆಗೂ ಅಲ್ಲೇ ಕೂತಿದ್ದ.