ಚಪ್ಪಲಿ ಪಕ್ಕದ ಬಿಲ್ಲೆ

ಇಪ್ಪತ್ಮೂರು ವರ್ಷದ ಹಿಂದೆ, ಹಳಿಯಾಳದಲ್ಲಿ ಮಧುಮತಿಯ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ, ಗೆಳತಿ ಶಿವಗಂಗವ್ವ ಮಧುಮತಿಯ ಬಾಯಿಗೆ ಸಕ್ಕರೆ ಹಾಕಿ ಮಾತು ಕೊಟ್ಟಿದ್ದಳು: “ವಿದ್ಯಾವತಿ ನಮ್ಮ ಮನಿ ಸೊಸಿ.”

ಈಗ ಆ ಮಾತು ಉಳಿಸಿಕೊಳ್ಳಲು ಶಿವಗಂಗವ್ವ ಹಿಂಜರಿಯುತ್ತಿದ್ದಳು. ಹುಡುಗಿಯ ಅಪ್ಪ ಲಗಮಪ್ಪ ಮೊದಲಿನಿಂದಲೂ ವಿಕಿರಣ ಹಾಯಿಸಿ ಕಬ್ಬಿಣದ ಪೈಪುಗಳ ಬೆಸುಗೆಯ ಫೋಟೋ ತೆಗೆಯುವವನು. ವಿಕಿರಣದ ದೋಷ ಅಪ್ಪನಿಂದ ಮಗಳಿಗೆ, ಮಗಳಿಂದ ಮೊಮ್ಮಕ್ಕಳಿಗೆ ಇಳಿಯುತ್ತದೆಂದು ಬಸ್ಸಿನಲ್ಲಿ ಯಾರೋ ಅವಳಿಗೆ ಹೇಳಿದ್ದರು. ಅವಳ ಮಗ ದುಂಡೇಶನೋ, ಮದುವೆಯಾದರೆ ವಿದ್ಯಾವತಿಯನ್ನೇ ಎಂದು ಕೂತಿದ್ದ.

ಮಾತುಕತೆಗೆಂದು ಮಧುಮತಿ ದಂಪತಿ ದಾಂಡೇಲಿಯ ಶಿವಗಂಗವ್ವನ ಮನೆಗೆ ಬಂದರು. ಕೆಲಸದಿಂದ ನೇರ ಬಂದಿದ್ದ ಲಗಮಪ್ಪನ ಅಂಗಿಗೆ ವಿಕಿರಣ ಅಳೆಯುವ ಬಿಲ್ಲೆ ಸಿಕ್ಕಿಸಿಯೇ ಇತ್ತು.

“ಅದನ್ನ ಚಪ್ಪಲಿ ಕೂಡ ಹೊರಗ ಬಿಟ್ಟು ಬರ್ರಿ,” ಎಂದಳು ಶಿವಗಂಗವ್ವ.

ಅವನು ಬಿಟ್ಟು ಬಂದ. ಮಧುಮತಿ ಚಹಾ ಮುಟ್ಟಲಿಲ್ಲ.

ಅಷ್ಟರಲ್ಲಿ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಮರಿ ಇವೆಯೇ ಎಂದು ನೋಡಲು ಬಂದ ಆಶಾ ಕಾರ್ಯಕರ್ತೆ ಜ್ಯೂಲಿ ಹೊರಗಿದ್ದ ಬಿಲ್ಲೆ ಹಿಡಿದೇ ಒಳಗೆ ಬಂದು, ಅದು ಯಾರದೆಂದು ಕೇಳಿದಳು. “ಇದನ್ನ ಕೆಲಸದ ಜಾಗಾದಾಗ ಇಟ್ಟು ಬರಬೇಕಲ್ರಿ, ಮಾವಾರ?” ಎಂದು ಮೊದಲು ಲಗಮಪ್ಪನನ್ನೇ ತರಾಟೆಗೆ ತೆಗೆದುಕೊಂಡಳು.

“ಮುಟ್ಟಬ್ಯಾಡ, ವಿಷ ಐತಿ,” ಎಂದಳು ಶಿವಗಂಗವ್ವ.

“ಶಿವಗಂಗವ್ವಾ, ಇದು ವಿಕಿರಣ ಎಣಿಸೂದು, ಉಗುಳೂದಲ್ಲ.”

ಶಿವಗಂಗವ್ವ ಬೆರಳ ತುದಿಯಲ್ಲಿ ಮುಟ್ಟಿದಳು, ಆಮೇಲೆ ತಿರುಗಿಸಿ ತಿರುಗಿಸಿ ನೋಡಿದಳು. ಅಂಕಿ ಎಲ್ಲಿದೆ ಎಂದು ಕೇಳಿದಳು. ಅದನ್ನು ಲ್ಯಾಬಿನವರೇ ಓದಬೇಕು ಎಂದ ಲಗಮಪ್ಪ. ತನ್ನದು ಒಮ್ಮೆಯೂ ಮಿತಿ ದಾಟಿಲ್ಲವಂತೆ. ಕೊನೆಗೆ ಶಿವಗಂಗವ್ವನ ಎದೆಯಲ್ಲಿದ್ದುದು ಹೊರಬಿತ್ತು:

“ಮತ್ತ ಹುಟ್ಟೂ ಕೂಸಿಗೆ?”

“ನಾನೂ ಇದನ್ನ ಡಾಕ್ಟರಿಗೆ ಕೇಳೇನಿ,” ಎಂದಳು ಜ್ಯೂಲಿ. “ಇಲಿಗೋಳಿಗೆ ಭಾಳ ವಿಕಿರಣ ಬಿಟ್ಟಾಗ ಮರಿಯೊಳಗ ದೋಷ ಕಂಡಾವ. ಮನುಷ್ಯಾರೊಳಗ ಹಂಗ ಕಂಡಿಲ್ಲ. ಜಪಾನಿನಾಗ ಬಾಂಬ್ ಬಿದ್ದು ಉಳಿದವ್ರಿಗೆ ಆಮ್ಯಾಲೆ ಹುಟ್ಟಿದ ಮಕ್ಕಳನ್ನ ಎಷ್ಟೋ ವರ್ಷದಿಂದ ನೋಡಾಕತ್ತಾರ. ಅಪ್ಪ-ಅವ್ವನ ವಿಕಿರಣದಿಂದ ಅವ್ರಿಗೆ ರೋಗ ಬಂತು ಅನ್ನಾಕ ಸ್ಪಷ್ಟ ಪುರಾವೆ ಸಿಕ್ಕಿಲ್ಲ. ಇನ್ನೂ ನೋಡಾಕತ್ತಾರ.”

ಹೊಟ್ಟೆಯಲ್ಲಿ ಕೂಸಿರುವಾಗಿನ ಮಾತು ಬೇರೆ, ಆಗ ಜೋಪಾನ ಬೇಕೇ ಬೇಕು ಎಂದೂ ಹೇಳಿದಳು.

ಶಿವಗಂಗವ್ವ ಎದ್ದು ಆರಿದ ಚಹಾ ಬಿಸಿ ಮಾಡಿ ತಂದಳು. ಮಧುಮತಿ ಲೋಟ ಹಿಡಿದು, “ಈಗ ನನ್ನ ಮಗಳನ್ನೂ ಒಳಗ ಕರೀತಿಯೇನ?” ಎಂದಳು.

ಓದುವ ಅಕ್ಕ-ಅಣ್ಣಂದಿರೇ, ವಿಕಿರಣದ ಕೆಲಸದಲ್ಲಿದ್ದರೆ ಬಿಲ್ಲೆಯನ್ನು ಕೆಲಸದ ಹೊತ್ತಿನಲ್ಲಿ ತಪ್ಪದೆ ಧರಿಸಿ. ಗರ್ಭಿಣಿಯಾಗಿದ್ದರೆ, ಅನುಮಾನವಿದ್ದರೂ ಸರಿ, ಎಕ್ಸ್‌ರೇ ತೆಗೆಯುವ ಮುಂಚೆ ಹೇಳಿ. ಡಾಕ್ಟರು ಬೇಕೆಂದ ಎಕ್ಸ್‌ರೇಗೆ ಹೆದರಿ ಓಡಬೇಡಿ. ಯಾರದೋ ಮಾತು ಕೇಳಿ ಹೆಣ್ಣು-ಗಂಡಿನ ಸಂಬಂಧ ಮುರಿಯುವ ಮುನ್ನ ತಿಳಿದವರನ್ನು ಕೇಳಿ.

ಶಿವಗಂಗವ್ವ ಮರುವಾರ ಹಳಿಯಾಳಕ್ಕೆ ಹೋಗಿ ವಿದ್ಯಾವತಿಯ ಬಾಯಿಗೆ ಸಕ್ಕರೆ ಹಾಕಿದಳು. ಕೊಟ್ಟ ಮಾತು ಉಳಿಯಿತು.