ಸೆರ್ವಾಳ ಸ್ಟೇಷನ್ನು

ನಮ್ಮ ಬೆತಿಯಾಸೆ ಊರಿಗೆ ರೈಲು ಬಂದದ್ದೇ ಒಂದು ಶೀಷೆ ಜಿನ್ ಮದ್ಯದಿಂದ. ನಮ್ಮಲ್ಲಿ ಏನಾದರೂ ಕೇಳಬೇಕಾದವನು ಶೀಷೆ ಮುಂದಿಟ್ಟು ಕೇಳಬೇಕು. ಕೇಳಿಸಿಕೊಂಡು ಕುಡಿದವನು ಒಪ್ಪಿದ ಹಾಗೆ. ಬಿಳಿಯ ಇಂಜಿನಿಯರ್ ಜಾಗ ಕೇಳಿದ, ನಮ್ಮೂರಿನ ಅಂದಿನ ದೊರೆ ಕುಡಿದ, ಒಳ್ಳೊಳ್ಳೆಯ ಕೋಕೋ ತೋಟದ ನಡುವೆ ಹಳಿ ಬಿತ್ತು. ಎಷ್ಟು ಕೋಕೋ ಮೂಟೆಗಳು ಸಮುದ್ರದ ಕಡೆ ಹೋದವೋ! ಆ ಕಡೆಯಿಂದ ಒಬ್ಬನಾದರೂ ನಮಗೊಂದು ಚಾಕಲೇಟು ಕಳಿಸಲಿಲ್ಲ. ಆಮೇಲೆ ರೈಲು ವಾರಕ್ಕೊಮ್ಮೆ ಆಯಿತು, ಬಂದರೆ ಬಂತು ಅನ್ನುವ ಹಾಗಾಯಿತು, ಕೊನೆಗೆ ನಿಂತೇ ಹೋಯಿತು. ನಿಂತಿತೆಂದು ಯಾರೂ ತಿಳಿಸದ ಕಾರಣ ಕಡೆಯ ಸ್ಟೇಷನ್ ಮಾಸ್ತರು ನಿವೃತ್ತರಾಗುವ ತನಕ ಬಾವುಟ ಹಿಡಿದು ನಿಲ್ಲುತ್ತಿದ್ದರು.

ಅವರು ಖಾಲಿ ಮಾಡಿದ ಕೋಣೆಗೆ ಸೆರ್ವಾ ಬಂದಳು. ನಮ್ಮಲ್ಲಿ ಆಸ್ತಿ ಸೋದರಳಿಯನಿಗೆ. ಗಂಡ ಸತ್ತದ್ದೇ ತಡ, ಅವನ ಅಕ್ಕನ ಮಗ ಇವಳನ್ನೂ ಮೂರು ಮಕ್ಕಳನ್ನೂ ಹೊರಗಟ್ಟಿದ್ದ. ಟಿಕೆಟ್ ಕಿಂಡಿಯಲ್ಲಿ ಫೂಫೂ ಮುದ್ದೆ, ಸಾರು ಮಾರಿ ಮಕ್ಕಳನ್ನು ಸಾಕಿದಳು. ಆ ಕೋಣೆ ಬಿಟ್ಟರೆ ಅವಳಿಗೆ ಬೇರೆ ಸೂರಿಲ್ಲ.

ಹೋದ ವರ್ಷ ಕುಮಾಸಿಯ ರೈಲ್ವೆ ಆಫೀಸಿನಿಂದ ಟ್ವುಮಾಸಿ ಎಂಬ ಸಾಹೇಬರು ಬಂದರು. ಬಳಕೆ ತಪ್ಪಿದ ಸ್ಟೇಷನ್ನುಗಳನ್ನು ಕೆಡವುವುದು ಅವರ ಕೆಲಸ. ದೊರೆಯ ಚಾವಡಿಯಲ್ಲಿ ಕೂತು ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದರು. ದೊರೆಯ ಪರವಾಗಿ ಮಾತಾಡುವ ನಮ್ಮ ಡ್ವೊಮೊ ಅದೇ ಹೊತ್ತು ನೋಡಿ ಜಿನ್ ಶೀಷೆ ಮುಂದಿಟ್ಟು ಲೋಟ ನೀಡಿದ.

"ಸಾಹೇಬ್ರೆ, ನಮ್ಮ ಸೆರ್ವಾಳದೊಂದು ಕೇಳಿಕೆ. ಸ್ಟೇಷನ್ ಕೆಡವಬ್ಯಾಡಿ ಅಂತಾಳೆ. ತಗೊಳ್ಳಿ."

ಸಾಹೇಬರು "ಹೂಂ, ಹೂಂ" ಅಂದು ಗಟಗಟ ಕುಡಿದರು. ಚಾವಡಿ ಚಪ್ಪಾಳೆ ಹೊಡೆಯಿತು. ಅವರೂ ನಮ್ಮ ಜನವೇ, ಕುಡಿದರೆ ಒಪ್ಪಿದ ಹಾಗೆಂದು ಬಲ್ಲವರು. ಏನಾಯಿತೆಂದು ತಿಳಿದಾಗ ಮುಖ ಇಳಿದುಹೋಯಿತು.

"ಅಯ್ಯೋ, ದಣಿವಿಗೆ ಕುಡಿದೆ ಕಣ್ರೀ!"

"ನಮ್ಮ ಹಳೇ ದೊರೇನೂ ದಣಿವಿಗೇ ಕುಡಿದಿದ್ದು," ಅಂದ ಡ್ವೊಮೊ. "ಹಳಿ ಹಾಕೋದು ಬಿಟ್ರಾ?"

"ಹಂಗಾದ್ರೆ ಸ್ಟೇಷನ್ ಚಾಲ್ತಿಯಲ್ಲಿದೆ ಅಂತ ಆಫೀಸಿಗೆ ಹೇಳ್ಬೇಕಾಗತ್ತೆ."

"ಹೇಳಿ, ನಿಮ್ಮ ಗಂಟೇನು ಹೋಗತ್ತೆ?"

ಸಾಹೇಬರು ಕೊಟ್ಟ ಮಾತಿಗೆ ತಪ್ಪಲಿಲ್ಲ. ತಪ್ಪಿದ್ದರೇ ಚೆನ್ನಾಗಿತ್ತೇನೋ. ಊರು ತಿಂಗಳುಗಟ್ಟಲೆ ಡ್ವೊಮೊನನ್ನು ತಲೆಯ ಮೇಲೆ ಹೊತ್ತು ಮೆರೆಸಿತು.

ಮೊನ್ನೆ ಮಧ್ಯಾಹ್ನ ಟೋಪಿ ಹಾಕಿದ ಯುವಕನೊಬ್ಬ ಟ್ರಂಕು ಹೊತ್ತು ಲಾರಿಯಿಂದಿಳಿದ.

"ನಾನು ಹೊಸ ಸ್ಟೇಷನ್ ಮಾಸ್ತರು. ಸ್ಟೇಷನ್ ಚಾಲ್ತಿಯಲ್ಲಿದೆ, ಮಾಸ್ತರೇ ಇಲ್ಲ ಅಂತ ನನ್ನನ್ನ ಹಾಕಿದ್ರು. ನನ್ನ ಕೋಣೆ ಯಾವುದು?"

ಎಲ್ಲರೂ ಡ್ವೊಮೊನ ಮುಖ ನೋಡಿದೆವು. ಅವನು ತನ್ನ ಚಪ್ಪಲಿ ನೋಡಿಕೊಂಡ. ರೈಲಿಲ್ಲವೆಂದರೆ ಕಟ್ಟಡ ಕೆಡವುತ್ತಾರೆ. ಇದೆಯೆಂದರೆ ಕೋಣೆ ಇವನದು.

ಸೆರ್ವಾ ಯಾರನ್ನೂ ಬೈಯಲಿಲ್ಲ. ಪಾತ್ರೆ, ಚಾಪೆ, ಮಕ್ಕಳ ಬಟ್ಟೆ ಒಂದೊಂದಾಗಿ ಪ್ಲಾಟ್‌ಫಾರ್ಮಿಗೆ ತಂದಿಟ್ಟಳು. ಆ ಯುವಕ ಟೋಪಿ ಸರಿಮಾಡಿಕೊಂಡು, ಹುಲ್ಲು ಬೆಳೆದ ಹಳಿಯನ್ನು ನೋಡುತ್ತ ಕೇಳಿದ:

"ಅವ್ವಾ, ರೈಲು ಎಷ್ಟೊತ್ತಿಗೆ?"

"ಇವತ್ತು ಸ್ವಲ್ಪ ತಡ ಮಗಾ," ಅಂದಳು ಸೆರ್ವಾ. "ಮೊದಲು ಊಟ ಮಾಡು."